ಎರಡನೇ ಚಿತ್ರದ ಮೂರು ಗೆರೆ

ಹಲ್ಲಿ ಲೊಚಗುಟ್ಟಿತು ಎಂದುಕೊಂಡಳು ಭವ್ಯಶ್ರೀ.

ರಾತ್ರಿ ಹನ್ನೊಂದೂವರೆ ದಾಟಿತ್ತು. ಬಾಗಿಲ ಚಿಲಕವನ್ನು ಎರಡು ಸಲ ಎಳೆದು ನೋಡಿ, ದೀಪ ಆರಿಸಿ, ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಂಡು ಮಲಗಿದ್ದಳು. ಕೆಳಗಿನ ಲೇತ್ ಅಂಗಡಿ ಮುಚ್ಚಿ ಎಷ್ಟೋ ಹೊತ್ತಾಗಿತ್ತು. ಬಸ್ ನಿಲ್ದಾಣದ ಗದ್ದಲವೂ ಅಡಗಿತ್ತು.

ಮತ್ತೆ ಅದೇ ಸದ್ದು. ಲೊಚ್.

ಹಲ್ಲಿಯಲ್ಲ, ಫೋನು.

ಅವಳು ಎದ್ದು ಕುಳಿತಳು. ಆ ಸದ್ದನ್ನು ಅವಳೇ ಒಂದೇ ಒಂದು ಕೆಲಸಕ್ಕೆ ಮೀಸಲಿಟ್ಟಿದ್ದಳು. ಶುಕ್ರವಾರ ಶುಕ್ರವಾರ ಹೊರಬರುವ ಸರ್ಕಾರಿ ಪೇಟೆಂಟ್ ಪತ್ರಿಕೆಯಲ್ಲಿ ರೇಷ್ಮೆ, ಹುರಿ, ಕದಿರು ಈ ಮೂರೂ ಕೂಡಿದ ಅರ್ಜಿ ಕಾಣಿಸಿಕೊಂಡರೆ ಮಾತ್ರ ಅದು ಮೊಳಗಬೇಕು. ಎರಡು ತಿಂಗಳಿಂದ ಒಮ್ಮೆಯೂ ಮೊಳಗಿರಲಿಲ್ಲ. ಹಾಗೆ ನೋಡಿದರೆ, ಆ ಫೋನು ಬೇರೆ ಸದ್ದುಗಳನ್ನೂ ಹೆಚ್ಚು ಮಾಡುತ್ತಿರಲಿಲ್ಲ.

ಪರದೆಯ ಬೆಳಕಿನಲ್ಲಿ ಓದಿದಳು. ರೇಷ್ಮೆ ಎಳೆಗಳನ್ನು ಹೊಸೆಯುವ ಹುರಿ ಯಂತ್ರದಲ್ಲಿ ಎಳೆ ಕಡಿದ ಕದಿರನ್ನು ಮಾತ್ರ ತಾನೇ ನಿಲ್ಲಿಸುವ ಸಾಧನ. ಅರ್ಜಿದಾರರು, ವೃಷಭೇಂದ್ರಪ್ಪ, ಯಳಂದೂರು.

ಅದು ಕೆಳಗಿನ ಲೇತ್ ಅಂಗಡಿಯ ದೊಡ್ಡಮಾದಪ್ಪ ನಾಲ್ಕು ವರ್ಷ ಕೂತು ಮಾಡಿದ ಸಾಧನ. ಅವನ ಅರ್ಜಿಯನ್ನು ಬರೆದು ಕಳಿಸಿದವಳು ಅವಳೇ. ತಾರೀಖು ನೋಡಿದಳು. ವೃಷಭೇಂದ್ರಪ್ಪನ ಅರ್ಜಿ ಹೋದದ್ದು ಆಯುಧಪೂಜೆ ಕಳೆದ ಹನ್ನೆರಡನೇ ದಿನ. ದೊಡ್ಡಮಾದಪ್ಪನದು ಹೋದದ್ದು ಅದಾದ ಮೇಲೆ, ಸರಿಯಾಗಿ ಒಂದು ತಿಂಗಳಿಗೆ.

ಹಾಳೆ ಹಾಳೆಯಾಗಿ ನೋಡಿದಳು. ಎರಡನೇ ಚಿತ್ರದಲ್ಲಿ ನಿಂತಳು.

ಕದಿರಿನ ಮುಂದಿನ ಉಕ್ಕಿನ ತಗಡು. ಅದರ ಮೇಲೆ ಅಡ್ಡಡ್ಡಲಾಗಿ ಮೂರು ಗೆರೆ. ಗೆರೆಗಳ ನಡುವೆ ಒಂದು ದುಂಡನೆಯ ಗುಳಿ. ಪಕ್ಕದಲ್ಲಿ ವಿವರಣೆ: ‘ಶಾಖವನ್ನು ಹೊರಹಾಕಲು ಕೊರೆದ ಮೂರು ಗಾಡಿಗಳು (ಕಾಲುವೆಯಂಥ ಗೀರುಗಳು) ಮತ್ತು ಒಂದು ಕುಳಿ.’

ದೊಡ್ಡಮಾದಪ್ಪನ ತಗಡು ಕನ್ನಡಿಯಂತೆ ನುಣ್ಣಗಿತ್ತು. ಅದರಲ್ಲಿ ಗಾಡಿಯಿರಲಿಲ್ಲ, ಕುಳಿಯಿರಲಿಲ್ಲ.

ಹಾಗಾದರೆ ಇವು ಎಲ್ಲಿಂದ ಬಂದವು?

ಚಿತ್ರವನ್ನು ದೊಡ್ಡದು ಮಾಡಿದಳು, ಚಿಕ್ಕದು ಮಾಡಿದಳು, ಫೋನನ್ನು ದೂರ ಹಿಡಿದು ನೋಡಿದಳು. ದೂರದಿಂದ ನೋಡಿದಾಗ ಅದು ತಗಡಿನಂತೆ ಕಾಣಲಿಲ್ಲ. ಹಣೆಯಂತೆ ಕಂಡಿತು.

ಆಮೇಲೆ ನಿದ್ದೆಯೆಲ್ಲಿಯದು!

* * *

‘ಏನವ್ವಾ, ಮೊಕ ಇಂಗಾಗದೆ? ರಾತ್ರಿಯೆಲ್ಲ ಸೊಳ್ಳೆ ಓಡಿಸ್ತಿದ್ದಾ?’

ಶನಿವಾರ ಬೆಳಗ್ಗೆ ಅಂಗಡಿಯ ಬಾಗಿಲು ಎತ್ತುತ್ತಲೇ ದೊಡ್ಡಮಾದಪ್ಪ ಕೇಳಿದ. ಮುಳ್ಳೂರಿನವನು, ಐವತ್ತೆಂಟು ವಯಸ್ಸು, ಉಗುರಿನ ಸಂದಿಯಲ್ಲಿ ಎಂದೂ ಹೋಗದ ಎಣ್ಣೆಗಪ್ಪು. ಕೊಳ್ಳೇಗಾಲದಲ್ಲಿ ಅವಳ ಮುಖ ನೋಡಿ ಹೀಗೆ ಕೇಳುವವನು ಅವನೊಬ್ಬನೇ.

ಮಹಡಿಯ ಮೇಲಿನದು ಪೇಟೆಂಟ್ ಮಾಹಿತಿ ಕೇಂದ್ರ. ಸಣ್ಣ ಕೈಗಾರಿಕೆಯವರ ಸಂಘವೊಂದು ಮೂರು ವರ್ಷದ ಹಿಂದೆ ತೆರೆದದ್ದು. ಒಂದು ಮೇಜು, ಒಂದು ಕಂಪ್ಯೂಟರ್, ಒಬ್ಬ ಭವ್ಯಶ್ರೀ. ಮುಂದಿನ ಕೋಣೆ ಕಚೇರಿ, ಹಿಂದಿನದು ಅವಳ ಮನೆ. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ಬಂದವಳು ಈಗ ಲೋಕದ ಯಾವ ಮೂಲೆಯಲ್ಲಿ ಯಾರು ಯಾವ ಯಂತ್ರ ಮಾಡಿದ್ದಾರೆಂದು ಹುಡುಕಿ, ಕೇಳಿ ಬಂದವರಿಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಕೇಳಿ ಬರುವವರು ಕಡಿಮೆ. ವಾರದಲ್ಲಿ ನಾಲ್ಕು ದಿನ ಮೆಟ್ಟಿಲ ಮೇಲೆ ಯಾರ ಹೆಜ್ಜೆಯೂ ಕೇಳುತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ದೊಡ್ಡಮಾದಪ್ಪ ಹತ್ತಿ ಬಂದಿದ್ದ. ಒಂದು ಸ್ಪ್ರಿಂಗು ಮತ್ತೆ ಮತ್ತೆ ಮುರಿಯುತ್ತಿದೆ, ಬೇರೆಯವರು ಏನು ಮಾಡುತ್ತಾರೆ ನೋಡವ್ವಾ ಎಂದಿದ್ದ. ಅವಳು ಎರಡು ದಿನ ಹುಡುಕಿ, ಅವಧಿ ಮುಗಿದುಹೋಗಿದ್ದ ಜಪಾನಿನ ಹಳೆಯ ಪೇಟೆಂಟೊಂದನ್ನು ತೆಗೆದು ಅವನ ಮುಂದೆ ಹರಡಿದ್ದಳು. ಅವಧಿ ಮುಗಿದದ್ದನ್ನು ಯಾರು ಬೇಕಾದರೂ ಬಳಸಬಹುದು. ವಾರದೊಳಗೆ ಸ್ಪ್ರಿಂಗು ಮುರಿಯುವುದು ನಿಂತಿತು. ಅಂದಿನಿಂದ ಅವಳು ಅವನಿಗೆ ಬರೀ ‘ಮೇಡಂ’ ಆಗಿ ಉಳಿಯಲಿಲ್ಲ.

ಅವಳು ಮುದ್ರಿಸಿದ ಹಾಳೆಯನ್ನು ಲೇತಿನ ಮೇಲಿಟ್ಟಳು. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಚಿತ್ರ ಬರುತ್ತಿತ್ತು.

‘ನನ್ ಮಿಷನ್ನು’ ಎಂದ. ಆಮೇಲೆ ಬಗ್ಗಿ, ‘ಇದೇನಿದು ಮೂರು ಗೀಟು? ನಾನ್ಯಾವಾಗ ಗೀಟು ಕೊರ್ದೆ?’

‘ನೀವು ಕೊರೆದಿಲ್ಲ. ಇದು ಬೇರೆಯವರ ಅರ್ಜಿ ಮಾದಪ್ಪಣ್ಣ. ಯಳಂದೂರಿನವರು ನಮಗಿಂತ ಮೊದಲೇ ಹಾಕಿಬಿಟ್ಟಿದ್ದಾರೆ. ಆಯುಧಪೂಜೆಯ ದಿನ ಈ ತಗಡಿನ ಮೇಲೆ ಏನಿತ್ತು, ನೆನಪು ಮಾಡಿಕೊಳ್ಳಿ.’

ಅವನ ಬಲಗೈಯ ಮೂರು ಬೆರಳು ತಾವಾಗಿಯೇ ಗಾಳಿಯಲ್ಲಿ ಅಡ್ಡಲಾಗಿ ಎಳೆದವು. ಎಳೆದಲ್ಲೇ ನಿಂತವು.

‘ಅಯ್ಯಯ್ಯೋ! ಈಬೂತಿ!’

‘ನಡುವೆ ಕುಂಕುಮದ ಬೊಟ್ಟು. ಅದನ್ನೇ ಕುಳಿ ಮಾಡಿದ್ದಾರೆ. ಶಾಖ ಹೋಗುವುದಕ್ಕಂತೆ.’

ದೊಡ್ಡಮಾದಪ್ಪ ನಕ್ಕ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕ. ‘ಯಾವನೋ ಪ್ಯಾಟೇಲಿ ಕೂತ್ಕಂಡು ಫೋಟ ನೋಡಿ ಬರ್ದವ್ನೆ ಕಣವ್ವಾ! ಊದ್ಗಡ್ಡಿ ಕಂಡಿದ್ರೆ ಅದ್ಕೂ ಒಂದು ಎಸ್ರು ಮಡುಗ್ತಿದ್ದ, ಬಡ್ಡೀಮಗ.’

ನಗು ಎಲ್ಲಿ ಹುಟ್ಟಿತೋ ಅಲ್ಲೇ ಸತ್ತಿತು.

‘ಅವ್ರಿಗೇ ಪೇಟೆಂಟು ಆಗೋಯ್ತು ಅಂದ್ರೆ, ನನ್ ಮಿಷನ್ನ ನಾನೇ ಮಾಡಂಗಿಲ್ವಾ?’

‘ಮಾಡುವ ಹಾಗಿಲ್ಲ.’

ಅವನು ಲೇತಿಗೆ ಒರಗಿದ. ಅವನ ಹೆಂಡತಿ ಹುರಿ ಯಂತ್ರದ ಮುಂದೆ ಇಪ್ಪತ್ತು ವರ್ಷ ನಿಂತು, ಕಡಿದ ಎಳೆಗಾಗಿ ಕಣ್ಣು ನೆಟ್ಟು, ಕಾಲು ಬಾತು ಹೋದವಳು. ಹೆಂಗಸರು ಒಂದು ಗಳಿಗೆ ಕೂತು ಉಸಿರು ಬಿಡಲಿ ಎಂದು, ಅವಳು ತೀರಿಕೊಂಡ ಮೇಲೆ ಶುರು ಮಾಡಿದ ಕೆಲಸ ಇದು.

‘ಪೂಜೆ ಮಾರ್ನೆ ದಿನ ನಾನೇ ಸೀಮೆಎಣ್ಣೆ ಆಕಿ ತೊಳ್ದೆ’ ಎಂದ ಮೆಲ್ಲಗೆ. ‘ಅಂದ್ರೆ ಅವತ್ತೇ ತೆಗ್ದಿರ ಫೋಟ. ಅವತ್ತು ಇದ್ದೋರು ಯಾರವ್ವಾ? ನಾನು. ನೀನು. ಇನ್ನ ಗೋಯಿಂದ.’

ಗೋವಿಂದಯ್ಯ ಹನ್ನೊಂದು ವರ್ಷ ಆ ಅಂಗಡಿಯಲ್ಲಿ ದುಡಿದವನು. ದೀಪಾವಳಿ ಕಳೆದ ವಾರದಲ್ಲೇ ಕಾರಣ ಹೇಳದೆ ಕೆಲಸ ಬಿಟ್ಟು ಹನೂರಿಗೆ ಹೋಗಿ, ಅಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ.

‘ಉಂಡ ಮನೆ ಗಳ ಎಣಿಸ್ಬುಟ್ನಲ್ಲಾ!’ ದೊಡ್ಡಮಾದಪ್ಪ ಅಂಗಿಯ ಗುಂಡಿ ಹಾಕಿಕೊಂಡ. ‘ಅನೂರ್ಗೆ ಓಯ್ತೀನಿ.’

‘ನೋಡದೆ ಹೇಳಬೇಡಿ ಮಾದಪ್ಪಣ್ಣ. ನಾನು ಮೊದಲು ಯಳಂದೂರಿಗೆ ಹೋಗಿ ಬರುತ್ತೇನೆ.’

‘ನೀನು ಅತ್ತಾಗೆ ಓಗು, ನಾನು ಇತ್ತಾಗೆ ಓಯ್ತೀನಿ. ಸಂದೆಗೆ ಗೊತ್ತಾಯ್ತದೆ.’

‘ಕೈ ಮಾಡಬೇಡಿ.’

ಅವನು ಆಗಲೇ ಅಂಗಡಿಯ ಬಾಗಿಲನ್ನು ಕೆಳಗೆಳೆಯುತ್ತಿದ್ದ.

* * *

ಕುಂತೂರು ಸಕ್ಕರೆ ಕಾರ್ಖಾನೆಯ ಕಡೆಗೆ ತಿರುಗುವ ಕಬ್ಬಿನ ಟ್ರ್ಯಾಕ್ಟರ್‌ಗಳ ಹಿಂದೆ ಬಸ್ಸು ಆಮೆಯಂತೆ ತೆವಳಿತು. ಭವ್ಯಶ್ರೀ ಕಿಟಕಿಯ ಪಕ್ಕ ಕೂತು, ಚೀಲದಲ್ಲಿದ್ದ ಹಾಳೆಗಳನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು. ಏನು ಕೇಳಬೇಕು, ಯಾವುದನ್ನು ಮೊದಲು, ಯಾವುದನ್ನು ಕೇಳಲೇಬಾರದು ಎಂದು ಮನಸ್ಸಿನಲ್ಲೇ ಜೋಡಿಸಿದಳು. ಜೋಡಿಸಿದ್ದು ಯಳಂದೂರು ಬರುವಷ್ಟರಲ್ಲಿ ಚದುರಿತು.

ವೃಷಭೇಂದ್ರಪ್ಪನ ಹುರಿ ಕಾರ್ಖಾನೆ ಊರಾಚೆ ಇತ್ತು. ಶೀಟಿನ ಉದ್ದನೆಯ ಕಟ್ಟಡ, ಹಿಂದೆ ಬಿಳಿಗಿರಿ ಬೆಟ್ಟದ ನೀಲಿ. ಒಳಗೆ ಸಾಲು ಸಾಲು ಕದಿರು ಗಿರಗುಟ್ಟುತ್ತಿದ್ದವು. ಬಾಗಿಲ ಬಳಿಯ ಯಂತ್ರದ ಮುಂದೆ ಮುದುಕಿಯೊಬ್ಬಳು ಕುಕ್ಕರುಗಾಲಲ್ಲಿ ಕೂತು, ಸೀರೆ ಪಿನ್ನಿನಿಂದ ತಗಡನ್ನು ಕೆರೆಯುತ್ತಿದ್ದಳು.

ತಗಡಿನ ಮೇಲೆ ಮೂರು ಗಾಡಿ. ನಡುವೆ ಒಂದು ಕುಳಿ.

ಕಾಗದದ ಮೇಲಿನ ತಪ್ಪನ್ನು ಇಲ್ಲಿ ಉಕ್ಕಿನಲ್ಲೇ ಕೊರೆದಿದ್ದರು.

‘ಏನಜ್ಜಿ ಮಾಡ್ತಿದ್ದೀರಿ?’

‘ಇನ್ನೇನ್ ಮಾಡನೆ? ಓಲೆ ಮಾಡುಸ್ತಾವ್ನಿ ಇದ್ಕೆ’ ಎಂದಳು ಮುದುಕಿ ತಲೆ ಎತ್ತದೆ. ‘ಒಸಾ ತಗಡಂತೆ. ಈ ಸಂದೀಲಿ ರೇಸ್ಮೆ ಧೂಳು ಓಗಿ ಕೂತ್ಕತದೆ. ಅರ್ಧ ಗಂಟೆಗೊಂದು ಸಲ ಕೆರೀಬೇಕು. ಯಾವ ಮುಟ್ಟಾಳ ಈ ಗಾಡಿ ಕೊರ್ದ್ನೋ, ಅವ್ನ ಕೈಗೇ ಈ ಪಿನ್ನು ಕೊಡ್ಬೇಕು.’

‘ದೊಡ್ಡಬಸಮ್ಮಾ, ಯಾರದು?’

ಒಳಗಿನಿಂದ ಬಂದ ದನಿಗೆ ಮುದುಕಿ ಪಿನ್ನನ್ನು ಸೆರಗಿಗೆ ಚುಚ್ಚಿಕೊಂಡು ಎದ್ದಳು. ‘ಯಾರೋ ಓದ್ದೋರು ಬಂದವ್ರೆ ಬುದ್ದಿ.’

ವೃಷಭೇಂದ್ರಪ್ಪ ಅರವತ್ತರ ಹತ್ತಿರದ, ಇಸ್ತ್ರಿ ಮುರಿಯದ ಬಿಳಿ ಅಂಗಿಯ ಮನುಷ್ಯ. ಹಣೆಯ ತುಂಬ ಬೆಳಗಿನ ವಿಭೂತಿ. ಅವಳನ್ನು ನೋಡಿ ಅವನು ಬೆಚ್ಚಲಿಲ್ಲ. ಕಾದಿದ್ದವನಂತೆ ಕುರ್ಚಿ ತೋರಿಸಿದ.

‘ಬನ್ನಿ ಮೇಡಂ. ಕೊಳ್ಳೇಗಾಲದ ಪೇಟೆಂಟ್ ಆಫೀಸಿನೋರು. ಹೋದ ಬೇಸಿಗೇಲಿ ನಾನೇ ಬಂದಿದ್ದೆ, ಹುರಿ ಮಿಷನ್ನಲ್ಲಿ ಹೊಸದೇನಿದೆ ಅಂತ ಕೇಳೋಕೆ. ನೆನಪಿದೆಯಾ?’

ಮುಖ ನೋಡಿದ ಮೇಲೆ ನೆನಪಾಯಿತು. ಹೆಸರು, ಊರು, ನಂಬರು ಎಲ್ಲವನ್ನೂ ಫೋನಿನಲ್ಲೇ ಬರೆದುಕೊಂಡಿದ್ದಳು.

‘ಒಂದೇ ಪ್ರಶ್ನೆ ಸರ್. ಆ ತಗಡಿನ ಮೇಲೆ ಮೂರು ಗಾಡಿ ಯಾಕೆ?’

‘ಶಾಖಕ್ಕೆ.’

‘ಹುರಿ ಹಾಕುವ ತಗಡಿಗೆ ಶಾಖ ಎಲ್ಲಿಂದ ಬಂತು? ಮುಟ್ಟಿ ನೋಡಿ, ತಣ್ಣಗಿದೆ.’

‘ಅದೆಲ್ಲ ಬೆಂಗಳೂರಿನ ಏಜೆಂಟು ಬರೆದದ್ದು. ನಾನು ಓದೋಕೆ ಹೋಗಿಲ್ಲ.’

ಅವಳು ಹಾಳೆಯನ್ನು ಅವನ ಮುಂದೆ ಇಟ್ಟು, ಕೈ ಚಾಚಿ ದೂರಕ್ಕೆ ಸರಿಸಿದಳು. ‘ಈಗ ನೋಡಿ. ದಿನಾ ಬೆಳಗ್ಗೆ ಕನ್ನಡಿಯಲ್ಲಿ ನೋಡುತ್ತೀರಲ್ಲ, ನಿಮಗೂ ಗೊತ್ತಾಗಲಿಲ್ಲವಾ?’

ವೃಷಭೇಂದ್ರಪ್ಪ ನೋಡಿದ. ಅವನ ಕೈ ತನ್ನ ಹಣೆಯ ತನಕ ಹೋಗಿ, ಮುಟ್ಟದೆ ಕೆಳಗಿಳಿಯಿತು. ಕಿವಿಯ ತುದಿ ಕೆಂಪಗಾಯಿತು.

‘ಶಿವನೇ’ ಎಂದ. ‘ಎಂಬತ್ತು ತಗಡು ಕೊರೆಸಿದ್ದೀನಿ.’

‘ಅದು ದೊಡ್ಡಮಾದಪ್ಪನವರು ತಮ್ಮ ಯಂತ್ರಕ್ಕೆ ಇಟ್ಟ ವಿಭೂತಿ. ಆಯುಧಪೂಜೆಯ ಒಂದು ದಿನ ಮಾತ್ರ ಇದ್ದದ್ದು. ಆ ದಿನದ ಫೋಟೋ ನಿಮಗೆ ಕೊಟ್ಟವರು ಯಾರು? ಗೋವಿಂದಯ್ಯನಾ?’

‘ಗೋವಿಂದಯ್ಯ ಅಂದ್ರೆ ಯಾರು?’

ಅವನು ನಟಿಸುತ್ತಿರಲಿಲ್ಲ. ಮುಖ ನೋಡಿ ಅಳೆಯುವುದು ಅವಳಿಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಆ ಹೆಸರು ಅವನಲ್ಲಿ ಎಲ್ಲಿಯೂ ತಾಗದೆ ಹಾದುಹೋಯಿತು.

ಅವನು ಮೇಜಿನ ಮೇಲಿನ ಫೋನನ್ನು ತೆಗೆದ. ನಿಧಾನವಾಗಿ ಹುಡುಕಿದ. ಅವಳ ಕಡೆಗೆ ತಿರುಗಿಸಿ ಹಿಡಿದ.

ಚೆಂಡು ಹೂವಿನ ಹಾರ. ಎರಡು ಬಾಳೆಕಂದು. ಪೂಜೆಗೆಂದು ಮುಚ್ಚಳ ತೆಗೆದಿಟ್ಟ ಯಂತ್ರದ ಒಡಲು, ಒಳಗಿನ ಒಂದೊಂದು ಕೀಲೂ ಎಣಿಸುವಂತೆ. ತಗಡಿನ ಮೇಲೆ ಬಿಳಿಯ ಮೂರು ಪಟ್ಟೆ, ಕೆಂಪು ಬೊಟ್ಟು. ಕೆಳಗೆ ಒಂದು ಸಾಲು: ‘ಹಬ್ಬದ ಶುಭಾಶಯಗಳು. ನಮ್ಮ ಮಾದಪ್ಪಣ್ಣನ ಹೊಸ ಯಂತ್ರ.’

ಮೇಲೆ, ಸಣ್ಣ ದುಂಡು ಚಿತ್ರದ ಪಕ್ಕ, ಫೋಟೋ ಹಾಕಿದವರ ಹೆಸರು. ಭವ್ಯಶ್ರೀ.

‘ನಿಮ್ಮದೇ ಸ್ಟೇಟಸ್ಸು ಮೇಡಂ’ ಎಂದ ವೃಷಭೇಂದ್ರಪ್ಪ. ‘ಮಾಯ ಆಗೋಕೆ ಮುಂಚೆ ಹಿಡಿದಿಟ್ಟುಕೊಂಡೆ. ಮೂವತ್ತು ವರ್ಷದಿಂದ ಹುರಿ ಹಾಕಿಸ್ತಿದ್ದೀನಿ. ನೋಡಿದ ಕೂಡಲೇ ಗೊತ್ತಾಯ್ತು ಇದೇನು ಅಂತ.’

ಗಿರಗುಟ್ಟುವ ಕದಿರುಗಳ ಸದ್ದು ದೂರ ಸರಿದಂತಾಯಿತು.

ಅಂದು ಅವಳು ಹೊಸ ಸೀರೆ ಉಟ್ಟಿದ್ದಳು. ನೋಡುವವರು ಯಾರೂ ಇರಲಿಲ್ಲ. ಕೆಳಗಿನಿಂದ ದೊಡ್ಡಮಾದಪ್ಪ ‘ಬಾರವ್ವಾ, ಪೂಜೆಗೆ’ ಎಂದು ಕೂಗಿದಾಗ ಮೆಟ್ಟಿಲನ್ನು ಓಡಿ ಇಳಿದಿದ್ದಳು. ಕೈಗೆ ಕಡ್ಲೆಪುರಿ, ಬಾಳೆಹಣ್ಣು ಬಂತು. ತನಗೂ ಒಂದು ಹಬ್ಬವಿದೆ ಎಂದು ಯಾರಿಗಾದರೂ ತೋರಿಸಬೇಕೆನಿಸಿ ಫೋಟೋ ತೆಗೆದು ಹಾಕಿದ್ದಳು, ಮರುದಿನವೇ ಮರೆತಿದ್ದಳು. ಯಂತ್ರಕ್ಕೆ ಪೇಟೆಂಟ್ ಮಾಡಿಸುವ ಮಾತು ಆಗ ಹುಟ್ಟಿಯೇ ಇರಲಿಲ್ಲ. ಮೂರು ವಾರದ ಮೇಲೆ ಆ ಮಾತು ಎತ್ತಿದವಳು ಅವಳೇ. ‘ಇದನ್ನ ಹೊರಗಿನವರಿಗೆ ತೋರಿಸಿದ್ದೀರಾ?’ ಎಂದು ಅಂದು ಕೇಳಿದಾಗ ದೊಡ್ಡಮಾದಪ್ಪ ‘ಇಲ್ಲ ಕಣವ್ವಾ’ ಎಂದಿದ್ದ. ಅವನು ತೋರಿಸಿರಲಿಲ್ಲ, ನಿಜ. ಅದೇ ಪ್ರಶ್ನೆಯನ್ನು ಅವಳು ತನಗೆ ಕೇಳಿಕೊಂಡಿರಲಿಲ್ಲ.

ಆ ರಾತ್ರಿ ಆ ಸ್ಟೇಟಸ್ಸನ್ನು ಯಾರು ಯಾರು ನೋಡಿದರೆಂದು ನಾಲ್ಕು ಸಲ ತೆಗೆದು ನೋಡಿದ್ದಳು. ಮೂರೇ ಜನ. ಕಾಲೇಜಿನ ಗೆಳತಿ ಮೀನಾ, ಸಿಲಿಂಡರ್ ತರುವವನು, ಮತ್ತೆ ಯಾರೋ ಕಚೇರಿಗೆ ಬಂದುಹೋದವರು. ಆ ಮೂರನೆಯವರಿಗೂ ಮನಸ್ಸಿನಲ್ಲೇ ಕೃತಜ್ಞಳಾಗಿದ್ದಳು.

‘ನಿಮ್ಮ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದ್ದೀರಲ್ಲ ಮೇಡಂ, ಅರ್ಜಿ ಹಾಕೋ ತನಕ ಯಾರಿಗೂ ತೋರಿಸಬೇಡಿ ಅಂತ’ ವೃಷಭೇಂದ್ರಪ್ಪನ ದನಿಯಲ್ಲಿ ಕೊಂಕಿರಲಿಲ್ಲ. ಅದಕ್ಕೇ ಅದು ಹೆಚ್ಚು ಚುಚ್ಚಿತು. ‘ನಾನು ಬೀಗ ಒಡೆದಿಲ್ಲ. ಬೀದೀಲಿ ಬಿದ್ದಿತ್ತು, ಎತ್ಕೊಂಡೆ.’

‘ಎತ್ತಿಕೊಂಡದ್ದು ನಿಮ್ಮದಾಗುವುದಿಲ್ಲ.’

‘ಆಗಲ್ಲ. ಹಾಗಂತ ಈ ಫೋಟೋ ಹೊರಗೆ ಬಂದ್ರೆ ಏನಾಗುತ್ತೆ, ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅರ್ಜಿಗೆ ಮೊದಲೇ ಜನ ನೋಡಿದ್ದು ಹೊಸದಲ್ಲ. ನನ್ನ ಅರ್ಜಿ ಬೀಳುತ್ತೆ. ನಿಮ್ಮ ಮಾದಪ್ಪಂದೂ ಬೀಳುತ್ತೆ.’ ಅವನು ಫೋನನ್ನು ಜೇಬಿಗೆ ಇಳಿಸಿದ. ‘ಗಾಡಿ ಇಲ್ಲದ ತಗಡು ಮಾಡಿಸ್ಕೋತೀನಿ. ನೀವು ಸುಮ್ಮನಿರಿ, ನಾನೂ ಸುಮ್ಮನಿರ್ತೀನಿ. ಕಾಫಿ ತರಿಸ್ಲಾ?’

ಅವಳು ಕಾಫಿ ಕುಡಿಯದೆ ಎದ್ದಳು.

* * *

ಯಳಂದೂರಿನ ಬಸ್ ನಿಲ್ದಾಣದಲ್ಲಿ ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತಿತ್ತು. ಕಲ್ಲುಬೆಂಚಿನ ಒಂದು ತುದಿಯಲ್ಲಿ ಕೂತು ಅವಳು ಯೋಚಿಸಿದಳು.

ವೃಷಭೇಂದ್ರಪ್ಪ ಹೇಳಿದ್ದು ಪೂರ್ತಿ ನಿಜವಲ್ಲ. ಕಾನೂನಿನಲ್ಲಿ ಒಂದು ಕಿರುಬಾಗಿಲಿದೆ. ಕಂಡುಹಿಡಿದವನ ಒಪ್ಪಿಗೆಯಿಲ್ಲದೆ ಬೇರೊಬ್ಬರು ಅದನ್ನು ಬಯಲು ಮಾಡಿದ್ದರೆ, ಅದರಿಂದ ಅವನ ಅರ್ಜಿ ಕೆಡಬೇಕಾಗಿಲ್ಲ. ಕದ್ದವನ ಅರ್ಜಿಗೆ ತಕರಾರು ಹಾಕಬಹುದು. ದೊಡ್ಡಮಾದಪ್ಪನ ನಾಲ್ಕು ವರ್ಷ ಉಳಿಯಬಹುದು.

ಆದರೆ ಆ ಬಾಗಿಲಿಗೆ ಕೀಲಿಕೈ ಒಂದೇ. ಬಯಲು ಮಾಡಿದವರು ಮುಂದೆ ಬಂದು, ನಾನೇ ಮಾಡಿದೆ, ಅವರನ್ನು ಕೇಳದೆ ಮಾಡಿದೆ ಎಂದು ಪ್ರಮಾಣ ಮಾಡಿ ಬರೆದುಕೊಡಬೇಕು.

ಬರೆದುಕೊಟ್ಟರೆ ಸಂಘದವರು ಮರುದಿನವೇ ಕೇಂದ್ರಕ್ಕೆ ಬೀಗ ಹಾಕುತ್ತಾರೆ. ಅದನ್ನು ಹೇಗೋ ತಡೆದುಕೊಂಡಾಳು. ದೊಡ್ಡಮಾದಪ್ಪ ಬೆಳಗ್ಗೆ ಬಾಗಿಲು ಎತ್ತುವಾಗ ಅವಳ ಮುಖ ನೋಡದೆ ಒಳಗೆ ಹೋಗುವುದನ್ನು ತಡೆದುಕೊಳ್ಳಲಾರಳು.

ಹೇಳಲೇಬೇಕು. ಇಂದೇ, ಈಗಲೇ, ಧೈರ್ಯ ಆರುವ ಮೊದಲು. ಅವಳು ಫೋನು ತೆಗೆದಳು. ಅಷ್ಟರಲ್ಲಿ ಅದೇ ಬಡಿದುಕೊಂಡಿತು.

‘ಭವ್ಯವ್ವಾ!’ ದೊಡ್ಡಮಾದಪ್ಪನ ಹಿಂದೆ ಹನೂರಿನ ಬಸ್ಸುಗಳ ಹಾರನ್ ಸದ್ದು. ‘ಒಪ್ಕಂಡ ಕಣವ್ವಾ!’

‘ಯಾರು?’

‘ಇನ್ಯಾರು, ಗೋಯಿಂದ! ನಾನೇ ಫೋಟ ತೆಗ್ದಿ, ನಾನೇ ಯಳಂದೂರ್ಗೆ ಕೊಟ್ಟಿ ಅಂತ ಬಾಯ್ಬುಟ್ಟು ಏಳ್ಬುಟ್ಟ.’

‘ಹೊಡೆದಿರಾ ಮಾದಪ್ಪಣ್ಣ?’

‘ಬೆಟ್ಟದ ಮಾದಪ್ಪನಾಣೆ ಒಂದು ಬೆರಳು ಸೋಕಿಸ್ನಿಲ್ಲ. ಸರ್ಯಾಗಿ ಕೇಳೂ ಇಲ್ಲ ನಾನು. ಯಳಂದೂರು ಅನ್ನೋ ಮಾತು ಬಾಯಿಂದ ಬಿದ್ದೇಟ್ಗೆ ಕಾಲು ಕಟ್ಕಂಡು ಅಳಕ್ಕೆ ಸುರು ಮಾಡ್ದ. ಅನ್ನೊಂದು ವರ್ಸ ನನ್ ಪಕ್ಕದಲ್ಲಿ ಕೂತು ಉಂಡೋನು ಕಣವ್ವಾ.’ ಅವನ ದನಿ ಒಡೆಯಿತು. ‘ನಾಳೆ ಕರ್ಕಂಡು ಬತ್ತೀನಿ. ನಿನ್ ಮುಂದೇನೆ ಏಳ್ತನೆ. ಬರ್ಕೊ, ಸೈನು ಆಕುಸ್ಕೊ. ಅಲ್ಲೇನಾರಾ ಸಿಕ್ತಾ ನಿಂಗೆ?’

ಗೋವಿಂದಯ್ಯನ ಹೆಸರನ್ನೇ ಕೇಳದ ಮನುಷ್ಯನ ಮುಖ ಅವಳ ಕಣ್ಣ ಮುಂದಿತ್ತು. ಕೊಡದ ಫೋಟೋವನ್ನು ಕೊಟ್ಟೆ ಎಂದು ಗೋವಿಂದಯ್ಯ ಏಕೆ ಅಳಬೇಕು? ಯಾರನ್ನು ಕಾಯುತ್ತಿದ್ದಾನೆ? ಯಾರಿಗೆ ಹೆದರಿದ್ದಾನೆ?

‘ಭವ್ಯವ್ವಾ? ಲೈನಲ್ಲಿ ಇದ್ದಿಯಾ?’

‘ಇದ್ದೀನಿ. ಇಲ್ಲಿ ಏನೂ ಸಿಗಲಿಲ್ಲ ಮಾದಪ್ಪಣ್ಣ.’

‘ಓಗ್ಲಿ ಬುಡು. ಉಂಡ್ಯಾ?’

‘ಉಂಡೆ.’

ಫೋನು ಕಟ್ಟಾಯಿತು. ಎರಡು ಉಸಿರಿನಲ್ಲಿ ಎರಡು ಸುಳ್ಳು ಹೇಳಿದ್ದಳು.

ಗೋವಿಂದಯ್ಯ ಹೇಳುತ್ತಿರುವುದು ಸುಳ್ಳೆಂದು ಬಲ್ಲವರು ಇಬ್ಬರೇ, ಅವಳು ಮತ್ತು ವೃಷಭೇಂದ್ರಪ್ಪ. ಅವನು ಬಾಯಿ ಬಿಡುವವನಲ್ಲ. ನಾಳೆ ಗೋವಿಂದಯ್ಯ ಅವಳ ಮೇಜಿನ ಮುಂದೆ ನಿಂತು, ಮಾಡದ ತಪ್ಪನ್ನು ಒಂದೊಂದೇ ಮಾತಾಗಿ ಹೇಳುತ್ತಾನೆ. ಅವಳು ಬರೆದುಕೊಳ್ಳಬೇಕು. ಆ ಸಹಿಯಿಂದಲೇ ಕಿರುಬಾಗಿಲು ತೆರೆದೀತು, ಅವಳ ಹೆಸರು ಎಲ್ಲಿಯೂ ಬರದೆ. ಏಕೆ ಹೀಗೆ ಹೇಳುತ್ತಿದ್ದೀಯ ಎಂದು ಕೇಳಬೇಕಾದರೆ, ತಪ್ಪು ಅವನದಲ್ಲವೆಂದು ತನಗೆ ಹೇಗೆ ಗೊತ್ತು ಎಂದು ಮೊದಲು ಹೇಳಬೇಕಾಗುತ್ತದೆ.

ಕೊಳ್ಳೇಗಾಲದ ಬಸ್ಸು ಬಂದು ನಿಂತಿತು. ಜನ ಇಳಿದರು, ಜನ ಹತ್ತಿದರು. ಕಂಡಕ್ಟರು ಅವಳನ್ನೇ ನೋಡುತ್ತ, ‘ಬತ್ತೀರೇನ್ರೀ, ಇಲ್ಲಾ ಇಲ್ಲೇ ಇರ್ತೀರಾ?’ ಎಂದ.

ಯಾರಿಗೂ ಹೇಳುವುದಿಲ್ಲ. ದೊಡ್ಡಮಾದಪ್ಪನಿಗಂತೂ ಹೇಳುವುದೇ ಇಲ್ಲ.

ಹಾಗೆಂದುಕೊಂಡು ಭವ್ಯಶ್ರೀ ಬಸ್ಸು ಹತ್ತಿದಳು.